ಅರವತ್ತು ಅಡಿ ಆರು ಇಂಚು

ರಿಕ್ ಆಂಕಿಯಲ್ ಹೆಸರು ಕೇಳಿದ್ದೀರಾ? ಬೇಸ್‌ಬಾಲ್ ನೋಡದವರು ಕೇಳಿರೋದಿಲ್ಲ ಬಿಡಿ. ಆಟದ ದೊಡ್ಡ ದಾಖಲೆಗಳ ಪಟ್ಟಿಯಲ್ಲೂ ಇವನು ಸಿಗೋದಿಲ್ಲ. ಆದರೂ ಬೇಸ್‌ಬಾಲ್ ಅಂದಕೂಡಲೇ ನನಗೆ ಬೇಬ್ ರೂತ್‌ಗಿಂತ ಮೊದಲು ನೆನಪಾಗೋದು ಇವನೇ.

ಫ್ಲಾರಿಡಾದ ಹುಡುಗ, ಹುಟ್ಟಿದ್ದು 1979ರಲ್ಲಿ. ಎಡಗೈ ಪಿಚರ್, ಅಂದರೆ ನಮ್ಮ ಬೌಲರ್ ಥರ ಚೆಂಡು ಎಸೆಯೋನು. 1997ರಲ್ಲಿ ಹೈಸ್ಕೂಲ್ ಮುಗಿಸಿದ್ದೇ ತಡ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ 25 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಇಪ್ಪತ್ತಕ್ಕೆಲ್ಲ ಅಮೆರಿಕದ ಅತಿ ದೊಡ್ಡ ಮಟ್ಟದ ಮೇಜರ್ ಲೀಗ್‌ನಲ್ಲಿದ್ದ. 2000ನೇ ಇಸವಿಯಲ್ಲಿ 175 ಇನ್ನಿಂಗ್ಸ್ (ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದು 194 ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಸ್ಟ್ರೈಕ್‌ಗೆ ಔಟ್. ಅವನ ಕರ್ವ್‌ಬಾಲ್ ಒಮ್ಮೆ ನೋಡಬೇಕು. ತಲೆಗೇ ಬಂತು ಅನ್ನೋ ಹಾಗೆ ಬಂದು, ಕೊನೇ ಗಳಿಗೆಯಲ್ಲಿ ಮೊಣಕಾಲಿನ ಹತ್ತಿರಕ್ಕೆ ಬೀಳುತ್ತಿತ್ತು. ಬ್ಯಾಟ್ಸ್‌ಮನ್ ಬ್ಯಾಟನ್ನು ಹೆಗಲ ಮೇಲೇ ಇಟ್ಟುಕೊಂಡು ನಿಂತಿರುತ್ತಿದ್ದ, ಅಂಪೈರ್ ಕೈ ಎತ್ತಿಬಿಡುತ್ತಿದ್ದ.

ಆಮೇಲೆ ಬಂತು 2000ದ ಅಕ್ಟೋಬರ್ 3. ಪ್ಲೇಆಫ್‌ನ ಮೊದಲ ಪಂದ್ಯ, ಎದುರಾಳಿ ಅಟ್ಲಾಂಟಾ ಬ್ರೇವ್ಸ್, ಆ ಕಡೆಯ ಪಿಚರ್ ಗ್ರೆಗ್ ಮ್ಯಾಡಕ್ಸ್ ಅಂದರೆ ಸಾಕ್ಷಾತ್ ದಿಗ್ಗಜ. ಇಪ್ಪತ್ತೊಂದರ ಹುಡುಗನ ಮೇಲೆ ಪತ್ರಿಕೆಯವರು ಮುಗಿಬೀಳಬಾರದು ಅಂತ ಮ್ಯಾನೇಜರ್ ಟೋನಿ ಲಾ ರುಸಾ ಬೇರೆ ಪಿಚರ್ ಒಬ್ಬನನ್ನು ಹಿಂದಿನ ದಿನದ ಪತ್ರಿಕಾಗೋಷ್ಠಿಗೆ ಕೂರಿಸಿ, ನಾಳೆ ಎಸೆಯೋದು ಆ ಪಿಚರೇ ಅಂತ ನಂಬಿಸಿದ್ದ. ತಂಡದ ಮುಖ್ಯ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಮೈಕ್ ಮಥೀನಿ ಇರಲಿಲ್ಲ. ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಬೇಟೆ ಚಾಕುವಿನಿಂದ ಬೆರಳು ಕುಯ್ದುಕೊಂಡು ಆಟದಿಂದ ಹೊರಗಿದ್ದ. ಇಂಥದ್ದನ್ನೆಲ್ಲ ಕಥೆಯಲ್ಲಿ ಬರೆದರೆ ಯಾರೂ ನಂಬಲ್ಲ, ಅಲ್ವಾ.

ಮೊದಲ ಇನ್ನಿಂಗ್ಸ್‌ನಲ್ಲೇ ಕಾರ್ಡಿನಲ್ಸ್ ಆರು ರನ್ ಹೊಡೆದು ಆರಾಮಾಗಿತ್ತು. ಮೂರನೇ ಇನ್ನಿಂಗ್ಸ್‌ನಲ್ಲಿ ಒಂದು ಎಸೆತ ಕೈ ತಪ್ಪಿತು. ಕ್ಯಾಚರ್‌ಗೆ ಸಿಗದೆ ಹಿಂದಿನ ಗೋಡೆಗೆ ಹೋಯಿತು. ಸರಿ, ಆಗುತ್ತೆ. ಮತ್ತೊಂದು ಹೋಯಿತು. ಮತ್ತೊಂದು. ಕ್ಯಾಚರ್ ಎದ್ದು ಚೆಂಡಿನ ಹಿಂದೆ ಓಡುತ್ತಾನೆ, ಅಷ್ಟರಲ್ಲಿ ರನ್ನರ್ ಸುಮ್ನೆ ಮುಂದಿನ ಬೇಸ್‌ಗೆ ಹೋಗಿ ನಿಲ್ಲುತ್ತಾನೆ. ಒಂದೇ ಇನ್ನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್. 1890ರ ನಂತರ ಯಾರೂ ಹಾಗೆ ಮಾಡಿರಲಿಲ್ಲ. ಕ್ರಿಕೆಟ್‌ನ ಭಾಷೆಯಲ್ಲಿ ಹೇಳೋದಾದರೆ, ವಿಕೆಟ್ ಕೀಪರ್ ಹಾರಿದರೂ ಸಿಗದಂಥ ವೈಡುಗಳು, ಒಂದರ ಹಿಂದೆ ಒಂದು. ಪಿಚರ್‌ನಿಂದ ಹೋಮ್ ಪ್ಲೇಟ್‌ಗೆ ಇರೋದು 60 ಅಡಿ 6 ಇಂಚು, ನಮ್ಮ ಕ್ರಿಕೆಟ್‌ನಲ್ಲಿ ಸ್ಟಂಪಿನಿಂದ ಸ್ಟಂಪಿಗೆ ಇರೋದಕ್ಕಿಂತ ಐದೂವರೆ ಅಡಿ ಕಡಿಮೆಯೇ. ಸಾವಿರಾರು ಸಲ ಎಸೆದ ದೂರ ಅದು. ಆ ಪಂದ್ಯ ಕಾರ್ಡಿನಲ್ಸ್ 7-5ರಲ್ಲಿ ಗೆದ್ದಿತು, ಅದು ಈಗ ಯಾರಿಗೂ ನೆನಪಿಲ್ಲ.

ಇದಕ್ಕೆ 'ಯಿಪ್ಸ್' ಅಂತಾರೆ. ಗಾಲ್ಫ್‌ನಿಂದ ಬಂದ ಪದ. ಕೈಗೆ ಏನೂ ಆಗಿರೋದಿಲ್ಲ, ಸ್ಕ್ಯಾನ್‌ನಲ್ಲಿ ಏನೂ ಕಾಣಲ್ಲ. ಯಾರಾದರೂ ಎದುರಿಗೆ ನಿಂತು ನೋಡುತ್ತಿದ್ದರೆ ನಮ್ಮದೇ ಸಹಿ ನಮಗೆ ಬಾರದೇ ಹೋಗುತ್ತದಲ್ಲ, ಅದೇ ಥರ. ಮೂರನೇ ಅಕ್ಷರದ ಹೊತ್ತಿಗೆ ಪೆನ್ನು ಎತ್ತ ತಿರುಗಬೇಕು ಅಂತ ಯೋಚಿಸೋಕೆ ಶುರು ಮಾಡಿದಿರೋ, ಮುಗಿಯಿತು. ಅವನಿಗೆ ಅದು ಐವತ್ತು ಸಾವಿರ ಜನರ ಮುಂದೆ ಆಯಿತು, ಟಿವಿಯಲ್ಲಿ ಬಂತು, ಮತ್ತೆ ಮತ್ತೆ ತೋರಿಸಿದರು.

ಮುಂದಿನ ವರ್ಷ ಒಂದು ಪಂದ್ಯಕ್ಕೆ ಮೊದಲು ವೋಡ್ಕಾ ಕುಡಿದು ಮೈದಾನಕ್ಕೆ ಇಳಿದಿದ್ದೆ ಅಂತ ಎಷ್ಟೋ ವರ್ಷದ ಮೇಲೆ ಅವನೇ ಹೇಳಿಕೊಂಡ. ಆ ಪಂದ್ಯ ಗೆದ್ದ ಕೂಡಾ! ಆದರೆ ಅದೆಲ್ಲ ಎಷ್ಟು ದಿನ ನಡೆಯುತ್ತೆ. ಮೈನರ್ ಲೀಗ್‌ಗೆ, ಮೆಂಫಿಸ್‌ಗೆ ಕಳಿಸಿದರು. ಅಲ್ಲಿ ಐದು ಇನ್ನಿಂಗ್ಸ್ ಕೂಡ ಆಗಿಲ್ಲ, 17 ವಾಕ್ (ಎಸೆತ ಸರಿಯಿಲ್ಲದೆ ಬ್ಯಾಟ್ಸ್‌ಮನ್‌ಗೆ ಬಿಟ್ಟಿಯಾಗಿ ಸಿಗುವ ಮೊದಲ ಬೇಸ್), 12 ವೈಲ್ಡ್ ಪಿಚ್. ಇನ್ನೂ ಕೆಳಗೆ, ಹೊಸಬರು ಆಡುವ ಜಾನ್ಸನ್ ಸಿಟಿಗೆ ಹಾಕಿದರು. ಅಲ್ಲಿ ಚೆನ್ನಾಗಿ ಎಸೆದ. ಬ್ಯಾಟ್ ಹಿಡಿದು 10 ಹೋಮ್ ರನ್ನೂ (ನಮ್ಮ ಸಿಕ್ಸರ್ ಥರ) ಹೊಡೆದ, ಆಗ ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ ಅನ್ಸುತ್ತೆ. 2003ರಲ್ಲಿ ಮೊಣಕೈ ಆಪರೇಷನ್. 2004ರ ಕೊನೆಗೆ ಮೇಜರ್ ಲೀಗ್‌ಗೆ ವಾಪಸ್ ಬಂದು ಹತ್ತು ಇನ್ನಿಂಗ್ಸ್‌ನಲ್ಲಿ ಒಂದೇ ಒಂದು ವಾಕ್ ಕೊಟ್ಟ.

ಅಂದರೆ ಸರಿಹೋಗಿತ್ತು. ಕನಿಷ್ಠ ಅಂಕಿಗಳಲ್ಲಿ. ಆದರೆ 2005ರ ಮಾರ್ಚ್‌ನಲ್ಲಿ, 25ನೇ ವಯಸ್ಸಿನಲ್ಲಿ, ಇನ್ನು ನಾನು ಪಿಚ್ ಮಾಡಲ್ಲ, ಔಟ್‌ಫೀಲ್ಡರ್ (ಮೈದಾನದ ಹಿಂಭಾಗದಲ್ಲಿ ಫೀಲ್ಡಿಂಗ್ ಮಾಡೋನು) ಆಗ್ತೀನಿ ಅಂದುಬಿಟ್ಟ.

ಇವನ ಬಗ್ಗೆ ಬರೆಯುವವರು ಸಾಮಾನ್ಯವಾಗಿ 'ಭಯವನ್ನು ಗೆದ್ದವನು' ಅಂತ ಬರೀತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇವನು ಏನನ್ನೂ ಗೆಲ್ಲಲಿಲ್ಲ, ಸಾಕಾಯ್ತು ಅಂತ ಕೆಳಗಿಟ್ಟ. ಕೈಯಲ್ಲಿ ಅಷ್ಟು ವಿದ್ಯೆ ಇದ್ದವನು ಅದನ್ನು ಬಿಟ್ಟು ಮತ್ತೆ ಮೈನರ್ ಲೀಗ್‌ನ ಬಸ್ ಹತ್ತಿ ಮೊದಲಿಂದ ಶುರು ಮಾಡಿದ್ದೇ ನನಗೆ ಇಷ್ಟ.

2007ರ ಆಗಸ್ಟ್ 9ರಂದು ಸೇಂಟ್ ಲೂಯಿಸ್‌ನ ಅದೇ ತಂಡಕ್ಕೆ ಔಟ್‌ಫೀಲ್ಡರ್ ಆಗಿ ಮರಳಿದ. ಏಳನೇ ಇನ್ನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್. ಯಾವಾಗಲೂ ಮುಖ ಗಂಟು ಹಾಕಿಕೊಂಡೇ ಇರುವ ಲಾ ರುಸಾ ಡಗ್‌ಔಟ್‌ನಲ್ಲಿ ಚಪ್ಪಾಳೆ ತಟ್ಟುತ್ತಾ ನಗುತ್ತಿದ್ದ. ಹಿಂದೆ ಆ ಪಂದ್ಯಕ್ಕೆ ಇವನನ್ನು ಕಳಿಸಿದ್ದಕ್ಕೆ ವರ್ಷಗಟ್ಟಲೆ ನೊಂದುಕೊಂಡಿದ್ದ ಮನುಷ್ಯ ಅವನು.

ಮುಂದಿನದು ಸಾಧಾರಣವೇ. 2008ರಲ್ಲಿ 25 ಹೋಮ್ ರನ್, ಆಮೇಲೆ ಇನ್ನೂ ಐದು ತಂಡ, ಒಟ್ಟು 76 ಹೋಮ್ ರನ್, ಬ್ಯಾಟಿಂಗ್ ಸರಾಸರಿ .240, ಅಂದರೆ ನೂರು ಸಲಕ್ಕೆ 24 ಹಿಟ್. 2010ರ ಪ್ಲೇಆಫ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಚೆಂಡನ್ನು ಮೈದಾನದಾಚೆಯ ನೀರಿಗೇ ಹಾಕಿ ತಂಡವನ್ನು ಗೆಲ್ಲಿಸಿದ. ಯಾವ ತಂಡ ಗೊತ್ತಾ? ಅಟ್ಲಾಂಟಾ ಬ್ರೇವ್ಸ್!

ಆದರೆ ನಾನು ಆಗಾಗ ಹಾಕಿಕೊಂಡು ನೋಡೋದು ಹೋಮ್ ರನ್ ಅಲ್ಲ. 2008ರ ಮೇ ತಿಂಗಳು, ಡೆನ್ವರ್‌ನ ಮೈದಾನ. ಚೆಂಡು ಹಿಂದಿನ ಗೋಡೆಯ ಹತ್ತಿರ ಹೋಗಿದೆ, ರನ್ನರ್ ಮೂರನೇ ಬೇಸ್‌ಗೆ ಓಡುತ್ತಿದ್ದಾನೆ, ಸಲೀಸಾಗಿ ತಲುಪುತ್ತಾನೆ ಅನ್ನುವಷ್ಟು ಸಮಯವಿದೆ. ಆಂಕಿಯಲ್ ಚೆಂಡು ಹಿಡಿದು ತಿರುಗಿ ಎಸೆಯುತ್ತಾನೆ. ಯೋಚನೆ ಮಾಡೋಕೆ ಟೈಮೇ ಇಲ್ಲ. ಮುನ್ನೂರು ಅಡಿ ಆಸುಪಾಸು ದೂರ, ಒಂದು ಪುಟವೂ ಇಲ್ಲದೆ ಚೆಂಡು ಹಾರಿ ಬಂದು ಮೂರನೇ ಬೇಸ್‌ನಲ್ಲಿ ನಿಂತ ಟ್ರಾಯ್ ಗ್ಲಾಸ್ ಕೈಗೆ ನೇರವಾಗಿ ಬೀಳುತ್ತದೆ. ರನ್ನರ್ ಔಟ್.

ಅದೇ ಪಂದ್ಯದಲ್ಲಿ ಇನ್ನೊಬ್ಬನೂ ಓಡಿ ನೋಡಿದ. ಅವನೂ ಔಟ್.