ಎಮರ್ಜೆನ್ಸಿ ಡಾಕ್ಟ್ರು 58ಕ್ಕೇ ಹೋಗ್ಬಿಡ್ತಾರಾ?

ಮೆಡಿಕಲ್ ಕಾಲೇಜಲ್ಲಿ ಪಿಜಿಗಳ (ಎಂಬಿಬಿಎಸ್ ಮುಗಿಸಿ ಮುಂದೆ ಓದೋರ) ಥೀಸಿಸ್‌ಗೆ ಸ್ಟ್ಯಾಟಿಸ್ಟಿಕ್ಸ್ ನೋಡ್ಕೊಡೋದು ನನ್ನ ಕೆಲಸ. ಆಗಾಗ ಯಾರಾದ್ರೂ ಒಂದು ವಾಟ್ಸಾಪ್ ಫಾರ್ವರ್ಡ್ ಹಿಡ್ಕೊಂಡು ಬರ್ತಾರೆ, ಬ್ರಿಟನ್ನಲ್ಲಿ ಜಿಪಿಗಳು, ಅಂದ್ರೆ ಫ್ಯಾಮಿಲಿ ಡಾಕ್ಟ್ರುಗಳು, ಸರಾಸರಿ 80ಕ್ಕೆ ಸಾಯ್ತಾರಂತೆ, ಎಮರ್ಜೆನ್ಸಿಯೋರು 58-59ಕ್ಕೇ ಅಂತೆ, ಸರ್ ನಾನು ತಪ್ಪು ಬ್ರಾಂಚ್ ತಗೊಂಡ್ನಾ ಅಂತ.

ನಂಬರ್ ಸುಳ್ಳಲ್ಲ. ಬಿಎಂಜೆ ಅನ್ನೋ ಬ್ರಿಟಿಷ್ ವೈದ್ಯಕೀಯ ಪತ್ರಿಕೇಲಿ ಬಂದ ಡಾಕ್ಟ್ರುಗಳ ಶ್ರದ್ಧಾಂಜಲಿ ಬರಹಗಳನ್ನ ಸೇರಿಸಿ ತೆಗೆದ ಲೆಕ್ಕ ಅದು. ಆದ್ರೆ ಎಮರ್ಜೆನ್ಸಿ ಅನ್ನೋದು ಅಲ್ಲಿ ಪ್ರತ್ಯೇಕ ಸ್ಪೆಷಾಲಿಟಿಯಾಗಿ ಬೆಳೆದಿದ್ದೇ 1970ರ ದಶಕದಿಂದೀಚೆಗೆ, 90 ವರ್ಷಕ್ಕೆ ಸಾಯೋಕೆ ಆ ಬ್ರಾಂಚಲ್ಲಿ ಅಷ್ಟು ವಯಸ್ಸಾದೋರು ಇರ್ಬೇಕಲ್ಲ? ಬೇಗ ಹೋದೋರು ಲೆಕ್ಕಕ್ಕೆ ಸಿಕ್ರು, ಉಳಿದೋರು ಇನ್ನೂ ಬದುಕಿದಾರೆ. ನಮ್ಮಲ್ಲಂತೂ ಇದರ ಎಂಡಿ ಅನ್ನೋ ಪಿಜಿ ಡಿಗ್ರಿಗೆ ಆಗಿನ ಮೆಡಿಕಲ್ ಕೌನ್ಸಿಲ್ (ಎಂಸಿಐ) ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ, ಇಲ್ಲಿ ಅದೇ ಥರ ಲೆಕ್ಕ ಹಾಕಿದ್ರೆ ಇನ್ನೂ ಗಾಬರಿಯಾಗೋ ನಂಬರ್ ಬರುತ್ತೆ. ನಾನು ಬೋರ್ಡ್ ಮೇಲೆ ಬರೆಯೋದು ಇಷ್ಟೇ: ಕೋರ್ಸ್ ಮುಗಿಯೋ ಮುಂಚೆ ತೀರಿಕೊಂಡ ಪಿಜಿಗಳ ಸರಾಸರಿ ವಯಸ್ಸು ತೆಗೀರಿ, 28ರ ಆಸುಪಾಸು ಬರುತ್ತೆ, ಹಾಗಂತ ಎಂಡಿ ಸೇರಿದೋರೆಲ್ಲ 28ಕ್ಕೆ ಸಾಯ್ತಾರಾ?

2017ರಲ್ಲಿ ಕೇರಳದ ಡಾಕ್ಟ್ರುಗಳ ಸಂಘ ಐಎಂಎ ಹಾಕಿದ ಲೆಕ್ಕಾನೂ ಹಿಂಗೇ ಪೇಪರಲ್ಲೆಲ್ಲ ಬಂತು, ಡಾಕ್ಟ್ರುಗಳಿಗೆ ಸುಮಾರು 62, ಮಲಯಾಳಿಗಳಿಗೆ ಸುಮಾರು 75 ಅಂತ. ಒಂದು ಸತ್ತೋರ ಸರಾಸರಿ ವಯಸ್ಸು, ಇನ್ನೊಂದು ಹುಟ್ಟಿದ ಮಗುವಿನ ಜೀವಿತಾವಧಿ, ಎರಡನ್ನೂ ಪಕ್ಕಪಕ್ಕ ಇಟ್ರೆ ಏನು ಪ್ರಯೋಜನ.

ಸರಿಯಾಗಿ ಮಾಡಿದ್ದು ಬೇಕಾ, ಬ್ರಿಟಿಷ್ ರೇಡಿಯಾಲಜಿಸ್ಟ್‌ಗಳದ್ದು ನೋಡಿ. 1897ರಿಂದ ನೂರು ವರ್ಷ, ಬದುಕಿರೋರು ಸತ್ತೋರು ಎಲ್ಲರನ್ನೂ ಹಿಡಿದು ಬೇರೆ ಡಾಕ್ಟ್ರುಗಳ ಜೊತೆ ವಯಸ್ಸಿಗೆ ವಯಸ್ಸು ಹೋಲಿಸಿದ್ರು. 1920ರೊಳಗೆ ರೇಡಿಯಾಲಜಿ ಸಂಘಕ್ಕೆ ಸೇರಿದೋರಲ್ಲಿ ಕ್ಯಾನ್ಸರ್ ಸಾವು 75% ಜಾಸ್ತಿ, ಆಗಿನೋರು ಎಕ್ಸ್-ರೇ ಟ್ಯೂಬ್ ಸರಿಯಿದ್ಯಾ ಅಂತ ನೋಡೋಕೆ ತಮ್ಮ ಕೈನೇ ಕಿರಣಕ್ಕೆ ಅಡ್ಡ ಹಿಡೀತಿದ್ರು! 1954ರ ನಂತರ ಸೇರಿದೋರಲ್ಲಿ ಆ ಹೆಚ್ಚಳ ಕಾಣಲ್ಲ.

ನೈಟ್ ಡ್ಯೂಟಿ, ಊಟ-ನಿದ್ದೆ ಇಲ್ದೆ 36 ಗಂಟೆ ನಿಲ್ಲೋದು, ಇದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ಅದರ ಬಗ್ಗೆ ಜಗಳ ಆಡ್ಲೇಬೇಕು, ಆದ್ರೆ ಈ 58 ಹಿಡ್ಕೊಂಡು ಮ್ಯಾನೇಜ್‌ಮೆಂಟ್ ಹತ್ರ ಹೋದ್ರೆ ಅವರ ಕಡೆ ಲೆಕ್ಕ ಗೊತ್ತಿರೋನು ಒಬ್ಬ ಇದ್ರೂ ಸಾಕು, ಎರಡು ನಿಮಿಷದಲ್ಲಿ ಕೇಸ್ ಬಿದ್ದೋಗುತ್ತೆ. ಅದಕ್ಕೇ ಈ ಟಾಪಿಕ್ ತಗೊಂಡು ಬರೋರಿಗೆ ಡ್ಯೂಟಿ ರೋಸ್ಟರ್, ಬಿಪಿ, ನಿದ್ದೆ ಗಂಟೆ ಅಳೆದು ಥೀಸಿಸ್ ಮಾಡಿ ಅಂತೀನಿ.