ಅದಿರು ತೆರಿಗೆ, ನಮ್ಮ ಮಾವನ ಉಸಿರು
2024ರ ಡಿಸೆಂಬರಲ್ಲಿ ಬೆಳಗಾವಿ ಅಧಿವೇಶನದಾಗ ಖನಿಜ ಹಕ್ಕಿನ, ಅಂದ್ರೆ ನೆಲದಿಂದ ಅದಿರು ತೆಗೆಯೋ ಹಕ್ಕಿನ ಮೇಲೆ ತೆರಿಗೆ ಹಾಕೋ ಮಸೂದೆ ಪಾಸ್ ಮಾಡಿದ್ರಲ್ಲ, ಇವತ್ತು ಸಂಡೂರಿಂದ ಬಸ್ಸಲ್ಲಿ ಬರ್ತಾ ಅದೇ ನೆನಪಾಯ್ತು. ಅದೇ ವರ್ಷ ಜುಲೈ 25ಕ್ಕೆ ಸುಪ್ರೀಂ ಕೋರ್ಟು 8:1 ಬಹುಮತದಲ್ಲಿ ರಾಜ್ಯಗಳಿಗೆ ಆ ಅಧಿಕಾರ ಐತಿ ಅಂದಿತ್ತು. ತೆರಿಗೆ ಬರ್ಲಿ, ಮಣ್ಣು ನಮ್ದು.

ಆದ್ರೆ ನಮ್ಮ ಮಾವ ಹದಿನೆಂಟು ವರ್ಷ ಅದಿರು ಲಾರಿ ಓಡಿಸಿ ಕೆಂಪು ಧೂಳು ಕುಡಿದೂ ಕುಡಿದೂ ಈಗ ನಾಲ್ಕು ಮೆಟ್ಟಿಲು ಹತ್ತಾಕೂ ಉಸಿರು ಸಾಲ್ದೆ ಕೂತಾರ, ಅವ್ರಿಗೆ ಒಂದ್ ಇನ್ಶೂರೆನ್ಸ್ ಇಲ್ಲ, ಲಾರಿಗೆ ಮಾತ್ರ ಓನರ್ರು ವರ್ಷಾ ವರ್ಷಾ ತಪ್ಪದೆ ಕಟ್ತಿದ್ರು. ಡ್ರೈವರ್ ಕ್ಲೀನರ್‌ಗಳ ಆಸ್ಪತ್ರೆ ಖರ್ಚಿಗೂ ವಿಮೆ ಕಡ್ಡಾಯ ಅಂತ ಆ ತೆರಿಗೆ ಮಸೂದೆಯಾಗ ಒಂದ್ ಸಾಲು ಸೇರಿಸ್ಬೇಕು. ನಮ್ ಎಂಎಲ್‌ಎಗೆ ಇವತ್ತೇ ಪತ್ರ ಬರೀತೀನಿ, ನೀವೂ ಬರೀರಿ.