ಬ್ಲ್ಯಾಕ್ ಸ್ಪರ್ ಕಾಡಿನಲ್ಲಿ ಒಂದು ಹಾವಸೆ, ಒಂದು ಪುಟ್ಟ ಪ್ರಾಣಿ

ಮೆಲ್ಬರ್ನ್‌ನಿಂದ ಹೀಲ್ಸ್‌ವಿಲ್ ದಾಟಿ ನಾರ್ಬೆಥಾಂಗ್ ಕಡೆ ಹೊರಟರೆ ಬ್ಲ್ಯಾಕ್ ಸ್ಪರ್ ಎಂಬ ತಿರುವುಗಳ ರಸ್ತೆ ಸಿಗುತ್ತದೆ. ಇಕ್ಕೆಲದಲ್ಲೂ ಮೌಂಟನ್ ಆ್ಯಶ್ ಎಂಬ ಭಾರೀ ಎತ್ತರದ ನೀಲಗಿರಿ ಜಾತಿಯ ಮರಗಳು. ಬಂದವರೆಲ್ಲ ಕತ್ತೆತ್ತಿ ಅವುಗಳ ತುದಿ ಹುಡುಕುತ್ತಾರೆ. ನನಗೆ ಬೇಕಿದ್ದದ್ದು ನೆಲದ ಹತ್ತಿರ ಇತ್ತು.

ಡಾಸೋನಿಯಾ ಸುಪರ್ಬಾ. ಜಗತ್ತಿನಲ್ಲಿ ನೆಟ್ಟಗೆ ಬೆಳೆಯುವ ಹಾವಸೆಗಳಲ್ಲಿ ಇದೇ ಅತಿ ಎತ್ತರದ್ದು, ಅರ್ಧ ಮೀಟರ್‌ವರೆಗೂ ಹೋಗುತ್ತದೆ. ಬುಡಸಮೇತ ಉರುಳಿದ ಮರವೊಂದರ ಬೇರಿಗೆ ಅಂಟಿದ್ದ ಮಣ್ಣಿನಲ್ಲಿ ಗುಂಪಾಗಿ ನಿಂತಿತ್ತು, ಪೈನ್ ಸಸಿಗಳನ್ನು ಸಾಲಾಗಿ ನೆಟ್ಟ ಹಾಗೆ. ಮಾಮೂಲಿ ಹಾವಸೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಆದರೆ ಇದರ ಕಾಂಡದೊಳಗೆ ನೀರು ಮೇಲೇರಲು ಬೇರೆಯೇ ಜೀವಕೋಶಗಳಿವೆ, ಅದಕ್ಕೇ ಇಷ್ಟು ಎತ್ತರ. ಗಾಳಿ ಒಣಗಿದರೆ ಎಲೆ ಮಡಚಿಕೊಂಡು ಕಾಂಡಕ್ಕೆ ಒರಗುತ್ತದೆ.

ಕತ್ತಲಾದ ಮೇಲೆ ಕೆಂಪು ಟಾರ್ಚ್ ಹಿಡಿದು, ಮರದಿಂದ ಮರಕ್ಕೆ ತೇಲುವ ಪುಟ್ಟ ಪ್ರಾಣಿ ಫೆದರ್‌ಟೇಲ್ ಗ್ಲೈಡರ್‌ಗೆ ಕಾದೆವು. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮರದಿಂದ ಇನ್ನೊಂದಕ್ಕೆ ಏನೋ ತೇಲಿ ಹೋಯಿತು, ತೊಗಟೆ ಮೇಲೆ ಓಡಿತು, ಮಾಯವಾಯಿತು. ಅಷ್ಟೇ! ಆ ಕ್ಷಣಕ್ಕಾಗಿ ಇಡೀ ರಾತ್ರಿ ಬೇಕಾದರೂ ನಿಲ್ಲುತ್ತಿದ್ದೆ. ಹೊಟ್ಟೆಚೀಲದಲ್ಲಿ ಮರಿ ಸಾಕುವ ಕಾಂಗರೂ ಬಳಗದ್ದೇ ಇದು, ಆದರೆ ತೂಕ 10ರಿಂದ 15 ಗ್ರಾಂ, ಬಾಲ ಬಿಟ್ಟರೆ ಉದ್ದ ಸುಮಾರು 7 ಸೆಂಟಿಮೀಟರ್. ಗರಿಯಂಥ ಬಾಲವೇ ಇದಕ್ಕೆ ಚುಕ್ಕಾಣಿ. ಆಸ್ಟ್ರೇಲಿಯಾದ ಹಳೆಯ 1 ಸೆಂಟ್ ನಾಣ್ಯದ ಮೇಲೆ 1966ರಿಂದ ಇದರದ್ದೇ ಚಿತ್ರ ಇತ್ತು.

ಅಂದರೆ ಇಲ್ಲಿ ಹಾವಸೆಯೇ ಪ್ರಾಣಿಗಿಂತ ಎಷ್ಟೋ ಪಟ್ಟು ಎತ್ತರ! ಪಕ್ಕಪಕ್ಕ ನಿಲ್ಲಿಸಿದರೆ ಗ್ಲೈಡರ್‌ಗೆ ಡಾಸೋನಿಯಾ ಒಂದು ಮರವೇ ಅಲ್ವಾ? ಕಷ್ಟ ಬಂದಾಗ ಎರಡೂ ಮುದುಡಿಕೊಳ್ಳುತ್ತವೆ. ಹಾವಸೆ ಒಣಹವೆಗೆ. ಗ್ಲೈಡರ್ ಚಳಿಗೆ, ಊಟ ಕಮ್ಮಿಯಾದಾಗ, ಮೈ ತಣ್ಣಗೆ ಮಾಡಿಕೊಂಡು ಗೂಡಿನಲ್ಲಿ ಗುಂಪಾಗಿ ಮಲಗಿಬಿಡುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಇವೆರಡಕ್ಕೂ ಮರದ ಜೊತೆ ಇರುವ ನಂಟು. ನಿಂತ ಹಳೇ ಮರದ ಪೊಟರೆ ಗ್ಲೈಡರ್‌ಗೆ ಮನೆ, ಅದೇ ಮರ ಉರುಳಿದರೆ ಬುಡದ ಮಣ್ಣು ಹಾವಸೆಗೆ ಜಾಗ. ಮೌಂಟನ್ ಆ್ಯಶ್‌ನಲ್ಲಿ ಪೊಟರೆ ಆಗಲು ನೂರು ವರ್ಷಕ್ಕೂ ಮೇಲೆ ಬೇಕು. 2009ರ ಬೆಂಕಿ ನಾರ್ಬೆಥಾಂಗ್ ಸುತ್ತಲ ಕಾಡನ್ನು ಸುಟ್ಟಿತು, ಅದಕ್ಕೂ ಮೊದಲಿನಿಂದ ಕೊಡಲಿ ಏಟು ಬೀಳುತ್ತಲೇ ಇತ್ತು. 2024ರ ಜನವರಿ 1ರಿಂದ, ಈ ಕಾಡು ಇರುವ ವಿಕ್ಟೋರಿಯಾ ರಾಜ್ಯ ತನ್ನ ಸರ್ಕಾರಿ ಕಾಡುಗಳಲ್ಲಿ ದಿಮ್ಮಿಗಾಗಿ ಮರ ಕಡಿಯುವುದನ್ನು ನಿಲ್ಲಿಸಿದೆ. ಇನ್ನೂ ಬೇಗ ನಿಲ್ಲಿಸಬೇಕಿತ್ತು.